ಕೋಟು ಇದ್ದ ದಿನ

ಆ ದಾರಿಯ ಬೆಳಗಿನ ಬಸ್ಸಿನಲ್ಲಿ ಕೂತ ಕಾಯಿಲೆಯವರಿಗೆಲ್ಲ ಒಂದು ಅಭ್ಯಾಸವಿತ್ತು. ತಿರುವು ಹತ್ತಿರವಾಗುತ್ತಿದ್ದಂತೆ ಎಲ್ಲರೂ ಎಡಗಡೆ ಕಿಟಕಿಗೆ ಕತ್ತು ಚಾಚುತ್ತಿದ್ದರು. ತಿರುವಿನಲ್ಲಿ ಆರೋಗ್ಯ ಕೇಂದ್ರದ ಹಳದಿ ಕಟ್ಟಡವಿತ್ತು. ಸುತ್ತಲಿನ ಊರುಗಳವರು ಅದು ನಮ್ಮಲ್ಲೇ ಆಗಬೇಕೆಂದು ಕಚ್ಚಾಡಿದ್ದರಿಂದ ಯಾರಿಗೂ ಹತ್ತಿರವಾಗದ ಜಾಗ ಹುಡುಕಿ ಕಟ್ಟಿಸಿದ್ದರು. ಅದರ ಜಗುಲಿಯ ಕಬ್ಬಿಣದ ಕಂಬಿಯ ಮೇಲೆ ಬಿಳಿ ಕೋಟು ನೇತಾಡುತ್ತಿದ್ದರೆ ಡಾಕ್ಟರು ಬಂದಿದ್ದಾರೆ ಎಂದು ಅರ್ಥ, ಇಳಿಯಬಹುದು. ಕೋಟು ಕಾಣದಿದ್ದರೆ ಸುಮ್ಮನೆ ಕೂತು ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಬೇಕು. ಇಳಿದು ಕೆಟ್ಟವರಿಗೆ ಮತ್ತೆ ಬಸ್ಸು ಸಿಗುವುದು ಸಂಜೆಗೇ.

ಈ ಏರ್ಪಾಡು ಯಾವ ಇಲಾಖೆಯದ್ದೂ ಅಲ್ಲ. ಮಾಡಿದವಳು ಅಲ್ಲಿ ಕಸ ಗುಡಿಸುವ ಆಯಮ್ಮ. ಅವಳಿಗೆ ಬೇರೆ ಹೆಸರಿತ್ತೋ ಏನೋ, ಸಂಬಳ ಕೊಡುವವರು ಬಿಟ್ಟರೆ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಕಟ್ಟಡಕ್ಕೆ ಮೊದಲ ಸುಣ್ಣ ಬಳಿದಾಗ ತಾತ್ಕಾಲಿಕವಾಗಿ ಎಂದು ಸೇರಿಸಿಕೊಂಡಿದ್ದರು. ತಲೆಗೂದಲು ಗೋಡೆಯ ಸುಣ್ಣದ ಹಾಗೆ ಬೆಳ್ಳಗಾದರೂ ಅವಳಿನ್ನೂ ತಾತ್ಕಾಲಿಕವೇ. ಹಿಂದುಗಡೆ ನೀರಿನ ತೊಟ್ಟಿಗೆ ಅಂಟಿಕೊಂಡ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಆಸ್ಪತ್ರೆಯೊಂದೇ. ಅದರ ನೆಲವನ್ನು ಅವಳು ಎಷ್ಟು ಉಜ್ಜುತ್ತಿದ್ದಳೆಂದರೆ, ಡಾಕ್ಟರು ಒಮ್ಮೆ ಕಾಲು ಜಾರಿ ಬಿದ್ದು, ‘ಆಯಮ್ಮ, ಕಾಯಿಲೆಯವರು ಸಾಲದು ಅಂತ ನನ್ನನ್ನೂ ಮಂಚಕ್ಕೆ ಹತ್ತಿಸ್ತೀಯಾ?’ ಎಂದು ಕೇಳಿದ್ದರು.

ಆ ಡಾಕ್ಟರು ಕೆಟ್ಟವರೇನಲ್ಲ. ಇದೂ ಸೇರಿದಂತೆ ಮೂರು ಕೇಂದ್ರಗಳನ್ನು ಒಬ್ಬರ ತಲೆಗೇ ಕಟ್ಟಿದ್ದರು. ಯಾವ ದಿನ ಎಲ್ಲಿರುತ್ತಾರೆ ಎನ್ನುವುದು ಅವರಿಗೇ ಬೆಳಿಗ್ಗೆ ಎದ್ದಮೇಲೆ ತಿಳಿಯುತ್ತಿತ್ತು. ಕೆಲವು ದಿನ ಎಲ್ಲೂ ಇರುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಜನ ಬಸ್ಸಿಳಿದು ಬಂದು ಜಗುಲಿಯಲ್ಲಿ ಸಂಜೆಯವರೆಗೆ ಬಾಡಿ, ಬಂದ ಕಾಯಿಲೆಯನ್ನು ಹಾಗೇ ಹೊತ್ತುಕೊಂಡು ಹೋಗುವುದನ್ನು ಆಯಮ್ಮ ನೋಡಿ ನೋಡಿ ಬೇಸತ್ತಿದ್ದಳು. ಮೇಲಿನಿಂದ ಬಂದ ಸಾಮಾನಿನ ಜೊತೆ ಒಂದು ಬಿಳಿ ಕೋಟು ಬಂದಿತ್ತು. ಡಾಕ್ಟರಿಗೆ ಅದು ಮೊಣಕಾಲು ದಾಟುತ್ತಿತ್ತು, ಹಾಕಿಕೊಳ್ಳುತ್ತಿರಲಿಲ್ಲ. ಅವರು ಬಂದ ದಿನ ಅದನ್ನು ಕಂಬಿಯ ಮೇಲೆ ಹಾಕುವುದು, ಹೋದಮೇಲೆ ಒಳಗಿಡುವುದು ಎಂದು ಆಯಮ್ಮ ಶುರುಮಾಡಿದಳು. ಮೊದಲು ಬಸ್ಸಿನ ಡ್ರೈವರಿಗೆ ಹೇಳಿದಳು. ಅವನು ತಿರುವಿನಲ್ಲಿ ನಿಧಾನ ಮಾಡಿ, ‘ಕೋಟಿದೆ, ಇಳಿಯೋರು ಇಳೀರಿ’ ಎಂದು ಕೂಗತೊಡಗಿದ. ಆಮೇಲೆ ಜನರ ಬಾಯಲ್ಲಿ ಡಾಕ್ಟರು ಎಂಬ ಮಾತೇ ಹೋಗಿ ಕೋಟು ಉಳಿಯಿತು. ‘ನಾಳೆ ಕೋಟು ಇರತ್ತಾ?’ ‘ಹೋದವಾರ ಕೋಟು ಸಿಕ್ಕಿತ್ತು, ಇಂಜೆಕ್ಷನ್ ಕೊಡ್ತು’ ಎಂದೆಲ್ಲ ಮಾತಾಡುತ್ತಿದ್ದರು. ಕೋಟು ಬೈಯುವುದಿಲ್ಲ, ಬೀಡಿ ಬಿಡು ಅನ್ನುವುದಿಲ್ಲ, ಡಾಕ್ಟರಿಗಿಂತ ಅದೇ ವಾಸಿ ಎಂದು ನಗುವವರೂ ಇದ್ದರು. ಆಯಮ್ಮ ಮೇಲೆ ಮೇಲೆ ಸಿಡುಕಿದರೂ ಒಳಗೊಳಗೇ ಬೀಗುತ್ತಿದ್ದಳು. ಬೀಗಬಾರದೇಕೆ? ಅಷ್ಟು ಜನರ ಒಂದೊಂದು ದಿನವನ್ನು ಉಳಿಸಿದವಳು ಅವಳು.

ಅವತ್ತು ಡಾಕ್ಟರು ಬಂದಿರಲಿಲ್ಲ. ನರ್ಸಮ್ಮ ಲಸಿಕೆ ಹಾಕಲು ದೂರದ ಊರಿಗೆ ಹೋಗಿದ್ದಳು. ಮರುದಿನ ಮೇಲಿನ ಅಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂದಿದ್ದರಿಂದ ಆಯಮ್ಮ ಸೆರಗು ಸಿಕ್ಕಿಸಿಕೊಂಡು ಇಡೀ ಆಸ್ಪತ್ರೆಯನ್ನೇ ಒಗೆಯಲು ನಿಂತಿದ್ದಳು. ಮಂಚದ ಹಾಸು, ಕಿಟಕಿಯ ಪರದೆ, ಒರೆಸುವ ಬಟ್ಟೆ ಎಲ್ಲ ಆದಮೇಲೆ ಕೋಟು ಕಣ್ಣಿಗೆ ಬಿತ್ತು. ಕಂಬಿಯ ತುಕ್ಕು ಅದರ ಬೆನ್ನಿಗೆ ಕಂದು ಗೆರೆ ಎಳೆದಿತ್ತು. ಅದನ್ನೂ ನೆನೆಸಿ, ಸೋಪು ಹಾಕಿ, ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಹಿಂದಿನ ಹಗ್ಗದಲ್ಲಿ ಒಂದು ಕರವಸ್ತ್ರಕ್ಕೂ ಜಾಗ ಇರಲಿಲ್ಲ. ಮುಂದೆ ಒಳ್ಳೆಯ ಬಿಸಿಲು ಬಿದ್ದಿತ್ತು. ಕಲ್ಲಿನ ಮೇಲೆ ಬಟ್ಟೆ ಕುಕ್ಕುವಾಗ ರಸ್ತೆಯಲ್ಲಿ ದೊಡ್ಡ ಗಾಡಿ ಗುಡುಗಿಕೊಂಡು ಹೋದ ಸದ್ದು ಕೇಳಿತ್ತು. ಬಸ್ಸು ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡು ಕೋಟನ್ನು ಕಂಬಿಯ ಮೇಲೆ ಹರವಿ, ಮಿಕ್ಕ ಬಟ್ಟೆ ಹಿಂಡಲು ಹಿಂದಕ್ಕೆ ಹೋದಳು.

ಹೋದದ್ದು ಬಸ್ಸಲ್ಲ, ಮರಳಿನ ಲಾರಿ. ಬಸ್ಸಿನ ಚಕ್ರ ಅವತ್ತು ದಾರಿಯಲ್ಲಿ ಪಂಚರ್ ಆಗಿತ್ತು.

ಅವಳು ಖಾಲಿ ಬಕೆಟ್ ಹಿಡಿದು ಮುಂದಕ್ಕೆ ಬರುವ ಹೊತ್ತಿಗೆ ಬಸ್ಸು ತಿರುವು ದಾಟಿ ಧೂಳಷ್ಟೇ ಉಳಿದಿತ್ತು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಹೆಗಲ ಮೇಲೆ ನಾಲ್ಕು ವರ್ಷದ್ದಿರಬಹುದಾದ ಹೆಣ್ಣುಮಗು.

‘ಡಾಕ್ಟರ್ ಒಳಗಿದಾರಲ್ವಾ ಆಯಮ್ಮ? ಬೇಗ ತೋರಿಸ್ಬೇಕು. ರಾತ್ರಿಯಿಂದ ಉಸಿರು ಎಳೀತಾ ಇದೆ.’

ಮಗುವಿನ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು, ಒಂದೊಂದು ಉಸಿರಿಗೂ ಪಕ್ಕೆಯ ಸಂದು ಒಳಗೆ ಸೇದಿಕೊಳ್ಳುತ್ತಿತ್ತು. ಇಷ್ಟು ವರ್ಷ ಆಸ್ಪತ್ರೆಯ ನೆಲ ಒರೆಸಿದವಳಿಗೆ ಇದು ಎಂಥ ಉಸಿರು ಎಂದು ಯಾರೂ ಹೇಳಬೇಕಿರಲಿಲ್ಲ. ‘ಡಾಕ್ಟರು ಬಂದೇ ಇಲ್ಲ ತಾಯಿ, ಕೋಟು ನಾನು ಒಣಗಲು ಹಾಕಿದ್ದು’ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು, ‘ಈಗ... ಈಗಷ್ಟೇ ಹೊರಟುಹೋದ್ರಮ್ಮ.’

‘ಅಯ್ಯೋ! ಮತ್ತೆ ಕೋಟು?’

‘ಮರೆತುಹೋದ್ರು.’

ಹೆಂಗಸು ಮೆಟ್ಟಿಲ ಮೇಲೇ ಕುಸಿದಳು. ‘ಕೋಟು ಗೀಟು ಅಂತ ನೋಡ್ಬೇಡ, ನೆಟ್ಟಗೆ ಪೇಟೆಗೆ ಹೋಗು ಅಂತ ಅತ್ತೆ ಹೇಳಿ ಕಳ್ಸಿದ್ರು’ ಎಂದಳು. ಅವಳ ಗಂಡ ಹಿಂದಿನ ದಿನವೇ ದೂರದ ಕಲ್ಲುಗಣಿಗೆ ಕೆಲಸಕ್ಕೆ ಹೋಗಿದ್ದ. ಅವನಿಗಿನ್ನೂ ಏನೂ ಗೊತ್ತಿರಲಿಲ್ಲ.

ಒಳಗೆ ಆಕ್ಸಿಜನ್ ಸಿಲಿಂಡರೇನೋ ಇತ್ತು. ಅದು ಖಾಲಿಯಾಗಿ ಯಾವ ಕಾಲವಾಯಿತೋ, ಗಾಳಿಗೆ ಬಾಗಿಲು ಬಡಿಯದಿರಲೆಂದು ಆನಿಸಿಡಲು ಬಳಸುತ್ತಿದ್ದರು. ಆಯಮ್ಮ ಆಂಬುಲೆನ್ಸಿಗೆ ಫೋನು ಮಾಡಿದಳು. ಗಾಡಿ ಬೇರೆ ಕಡೆ ಹೋಗಿದೆ, ಬಂದಮೇಲೆ ಕಳಿಸುತ್ತೇವೆ ಎಂದರು. ಬಂದಮೇಲೆ ಅಂದರೆ ಯಾವಾಗ ಎಂದು ಕೇಳಿದ್ದಕ್ಕೆ ಬಂದಮೇಲೆ ಎಂದರು. ಅವಳು ಫೋನಿಟ್ಟು, ಕೋಟನ್ನು ಕಂಬಿಯಿಂದ ಎಳೆದು ಒಳಗೆಸೆದು, ಮಗುವನ್ನು ತಾನೇ ಎತ್ತಿಕೊಂಡು ರಸ್ತೆಗೆ ಬಂದಳು. ತಾಯಿಯ ಕೈಗಳು ಸೋತಿದ್ದವು.

ಬಹಳ ಹೊತ್ತಿನ ಮೇಲೆ ಸಿಮೆಂಟ್ ಇಟ್ಟಿಗೆ ತುಂಬಿದ ಸಣ್ಣ ಲಾರಿಯೊಂದು ನಿಂತಿತು. ಡ್ರೈವರ್ ಪಕ್ಕದ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತರು. ತಾಯಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ರಸ್ತೆಯ ಎರಡೂ ಕಡೆಯ ಬೋರ್ಡುಗಳನ್ನು ಓದುತ್ತಿದ್ದಳು. ಟೈರು ಅಂಗಡಿ, ಬಣ್ಣದ ಅಂಗಡಿ, ಟೈಲರಿಂಗ್ ಕಲಿಸುವ ಜಾಗ. ಎಲ್ಲ ಇತ್ತು. ಮಗು ಆಯಮ್ಮನ ತೊಡೆಯ ಮೇಲೆ ಕಣ್ಣು ಬಿಟ್ಟಿತು. ಅವಳು ಅದರ ಹಣೆಯ ಬೆವರು ಒರೆಸಿದಳು.

‘ಅಜ್ಜಿ, ನಿನ್ನ ಕೈ ಸೋಪಿನ ವಾಸನೆ’ ಎಂದಿತು. ಅಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ಸಿಕ್ಕಿಕೊಂಡಿತು. ಗಾಳಿಯ ಸದ್ದಿನಲ್ಲಿ ತಾಯಿಗೆ ಕೇಳಿಸಲಿಲ್ಲ. ಆಯಮ್ಮನಿಗೆ ಕೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ.

ಇಟ್ಟಿಗೆ ಇಳಿಸಬೇಕಿದ್ದ ಸಂತೆಯ ಊರಿನಲ್ಲಿ ಲಾರಿ ಅವರನ್ನು ಇಳಿಸಿತು. ಅಲ್ಲಿ ಒಂದು ಕ್ಲಿನಿಕ್ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ಇತ್ತು ನಿಜ. ತಲೆನೋವಿನಿಂದ ಹಿಡಿದು ಬಂಜೆತನದವರೆಗೆ ಏನೇನು ವಾಸಿಮಾಡಲಾಗುವುದೆಂದು ಬಣ್ಣದಲ್ಲಿ ಬರೆದ ಬೋರ್ಡಿನ ಕೆಳಗೆ ಶಟರ್ ಎಳೆದಿತ್ತು. ಪಕ್ಕದ ಔಷಧಿ ಅಂಗಡಿಯವನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ.

‘ಬರ್ತಾರೆ. ಬಂದ್ರೂ ಬರಬಹುದು. ಕೆಲವು ಸಲ ಬರಲ್ಲ. ಅಲ್ಲೀವರೆಗೆ ಕೆಮ್ಮಿನ ಸಿರಪ್ ಕೊಡ್ಲಾ?’

‘ಮಗು ಉಸಿರಾಡೋಕೆ ಒದ್ದಾಡ್ತಿದೆ ಕಾಣಲ್ವೇನಪ್ಪಾ ನಿನಗೆ?’ ಎಂದು ಆಯಮ್ಮ ಕಿರುಚಿದಳು.

ಅವನು ಕೌಂಟರಿನ ಮೇಲಿಂದ ಬಗ್ಗಿ ನೋಡಿದ, ಮುಖ ಇಳಿಯಿತು. ‘ಸೇತುವೆ ಆಚೆ ಒಬ್ರು ಡಾಕ್ಟರ್ ಇದಾರಮ್ಮ. ಅವರ ಹತ್ತಿರ ಗಾಡಿನೂ ಇದೆ. ದನದ ಡಾಕ್ಟರು, ಆದ್ರೂ ಹೋಗಿ’ ಎಂದ.

ಹೋದರು. ನಡೆದದ್ದಲ್ಲ, ಓಡಿದ್ದು. ದನದ ಡಾಕ್ಟರು ಮೊಣಕೈವರೆಗೆ ಕೈ ತೊಳೆದುಕೊಳ್ಳುತ್ತಿದ್ದರು. ಅಂಗಳದಲ್ಲಿ ಹಸುಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು, ಸಗಣಿಯ ವಾಸನೆ. ಅವರು ಮಗುವಿನ ಎದೆಗೆ ಕೊಳವೆ ಇಟ್ಟು ಕೇಳಿ, ತುಟಿಯ ಬಣ್ಣ ನೋಡಿ, ಒಂದು ಮಾತನ್ನೂ ಸುತ್ತಿ ಬಳಸದೆ, ‘ಇದು ನನ್ನ ಕೈಯಲ್ಲಾಗೋದಲ್ಲ. ಈಗಿಂದೀಗಲೇ ಆಕ್ಸಿಜನ್ ಬೇಕು. ಜೀಪ್ ಹತ್ತಿ’ ಎಂದರು. ಡ್ರೈವರಿಗೆ ಕಾಯದೆ ತಾವೇ ಸ್ಟೀರಿಂಗ್ ಹಿಡಿದರು. ಅವತ್ತಿಡೀ ಆ ಇಬ್ಬರು ಹೆಂಗಸರ ಪಾಲಿಗೆ ಸಿಕ್ಕ ಡಾಕ್ಟರೆಂದರೆ ಆ ಮನುಷ್ಯ ಒಬ್ಬರೇ.

ಪೇಟೆಯ ಮೊದಲ ಮನೆಗಳು ಕಾಣುವಾಗ ಆಯಮ್ಮನ ಹೆಗಲ ಮೇಲಿನ ಭಾರ ಬದಲಾಯಿತು. ಮಗು ನಿದ್ದೆ ಹೋದಾಗ ಭಾರವಾಗುವುದು ಬೇರೆ, ಇದು ಬೇರೆ. ಅವಳು ಕೆನ್ನೆಯನ್ನು ಅದರ ಬಾಯಿಯ ಹತ್ತಿರ ತಂದಳು. ಏನೂ ಇರಲಿಲ್ಲ. ‘ಹೇಗಿದೆ ಆಯಮ್ಮ?’ ಎಂದು ತಾಯಿ ಮುಂದಿನ ಸೀಟಿನಿಂದ ತಿರುಗಿ ಕೇಳಿದಳು. ‘ಮಲಗಿದೆ. ಬಂದೇಬಿಟ್ವಿ’ ಎಂದಳು ಆಯಮ್ಮ. ದೊಡ್ಡಾಸ್ಪತ್ರೆಯ ಬಾಗಿಲವರೆಗಿನ ದಾರಿಯನ್ನಾದರೂ ಆ ತಾಯಿಗೆ ಬಿಟ್ಟುಕೊಡೋಣ ಎನ್ನಿಸಿತ್ತು.

ಮಗು ಸತ್ತ ಸುದ್ದಿ ಸುಮ್ಮನಿರಲಿಲ್ಲ. ಅಧಿಕಾರಿಗಳು ಬಂದರು, ಕುರ್ಚಿ ಹಾಕಿಸಿಕೊಂಡು ಕೂತರು. ಡಾಕ್ಟರು, ‘ಅವತ್ತು ನಾನು ಇಲ್ಲಿಗೆ ಬರಲೇ ಇಲ್ಲ’ ಎಂದು ಬಡಿದುಕೊಂಡರು. ಹಾಗಾದರೆ ಎಲ್ಲಿದ್ದಿರಿ ಎಂದರೆ ಬಾಯಿ ಕಟ್ಟಿತು. ಅವತ್ತು ಅವರು ಮನೆಯಲ್ಲಿದ್ದರು. ಇನ್ನೊಂದು ಕೇಂದ್ರದವರಿಗೆ, ತಿರುವಿನ ಆಸ್ಪತ್ರೆಗೆ ಹೋಗುತ್ತೇನೆಂದು ತಾವೇ ಹೇಳಿದ್ದರು. ಬಸ್ಸಿನ ಡ್ರೈವರು, ‘ಕೋಟು ಇತ್ತು ಸ್ವಾಮಿ, ಈ ಕಣ್ಣಲ್ಲಿ ನೋಡಿ ನಾನೇ ಕೂಗಿ ಇಳಿಸಿದೆ’ ಎಂದು ಕಣ್ಣೀರು ಹಾಕಿದ. ಆಯಮ್ಮನನ್ನು ಕರೆದರು.

‘ಡಾಕ್ಟರ್ ಬಂದಿದ್ರೇನಮ್ಮ ಅವತ್ತು?’

‘ನಾನು ಹಿಂದುಗಡೆ ಬಟ್ಟೆ ಒಗೀತಿದ್ದೆ. ನೋಡ್ಲಿಲ್ಲ.’

ಡಾಕ್ಟರು ಅವಳನ್ನೇ ನೋಡಿದರು. ನರ್ಸಮ್ಮ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ಬೆಳ್ಳನೆಯ ಕೋಟನ್ನು ನೋಡಿದಳು. ಅದರ ಬೆನ್ನ ಮೇಲಿನ ತುಕ್ಕಿನ ಗೆರೆ ಹೋಗಿತ್ತು. ಆಮೇಲೆ ಇಬ್ಬರೇ ಇದ್ದಾಗ, ‘ಕೋಟು ಯಾವಾಗ ಒಗೆದೆ ಆಯಮ್ಮ?’ ಎಂದು ಕೇಳಿದಳು. ಆಯಮ್ಮ ಬಕೆಟ್ ಎತ್ತಿಕೊಂಡು ಹಿಂದಕ್ಕೆ ಹೋದಳು, ನರ್ಸಮ್ಮ ಎರಡನೇ ಸಲ ಕೇಳಲಿಲ್ಲ.

ಡಾಕ್ಟರಿಗೆ ಎತ್ತಂಗಡಿಯಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೊದಲು ವಾರಕ್ಕೊಮ್ಮೆಯಾದರೂ ತೆರೆಯುತ್ತಿದ್ದ ಡಾಕ್ಟರ ಕೋಣೆಗೆ ಈಗ ಬೀಗ. ಬಸ್ಸು ತಿರುವಿನಲ್ಲಿ ನಿಧಾನ ಮಾಡುವುದನ್ನೂ ಬಿಟ್ಟಿತು. ಒಂದು ಸುಳ್ಳು ಎಷ್ಟು ಜನರ ಆಸರೆ ಕಿತ್ತುಕೊಳ್ಳಬಲ್ಲದು ಎಂದು ತಿಳಿಯಬೇಕಾದವರು ಆ ಜಗುಲಿಯಲ್ಲಿ ಸುಮ್ಮನೆ ಕೂತು ನೋಡಬೇಕಿತ್ತು. ಆಯಮ್ಮ ದಿನವೂ ಕೂತು ನೋಡುತ್ತಿದ್ದಳು. ನೆಲ ಒರೆಸುವುದನ್ನು ಮಾತ್ರ ಬಿಡಲಿಲ್ಲ, ಯಾರೂ ಕಾಲಿಡದ ನೆಲವನ್ನು.

ತಿಂಗಳುಗಳು ಕಳೆದಮೇಲೆ, ನರ್ಸಮ್ಮನ ಹತ್ತಿರ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಹೆಂಗಸೊಬ್ಬಳು ಆ ತಾಯಿಯ ಮಾತೆತ್ತಿದಳು. ಇವಳು ಅವಳ ನೆರೆಮನೆಯವಳು. ‘ಅತ್ತೆ ಅವಳ ಹತ್ತಿರ ಮಾತೇ ಬಿಟ್ಟಿದಾರೆ. ಇಳಿಬೇಡ ಅಂದ್ರೂ ಬಸ್ಸಿಳಿದು ಮಗು ಕೊಂದವಳು ಅಂತ ಗಂಡನ ಮುಂದೇನೇ ಅಂದ್ರು. ಅವನೂ ತುಟಿ ಬಿಚ್ಚಲಿಲ್ಲ. ಈಗ ಅವಳಿಗೆ ಊಟ ಎಲ್ಲರದ್ದೂ ಆದಮೇಲೆ, ಒಬ್ಬಳಿಗೇ, ಹಿತ್ತಲ ಬಾಗಿಲಲ್ಲಿ.’

ಆಯಮ್ಮ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ತನ್ನ ತಪ್ಪನ್ನು ಡಾಕ್ಟರು ಹೊತ್ತಿದ್ದನ್ನು ಹೇಗೋ ನುಂಗಿಕೊಂಡಿದ್ದಳು. ಇದನ್ನು ನುಂಗಲಾಗಲಿಲ್ಲ. ಹೇಳಿಬಿಡುತ್ತೇನೆ, ಅತ್ತೆಯ ಮುಂದೆಯೇ ಹೇಳುತ್ತೇನೆ, ಉಗಿದರೆ ಉಗಿಯಲಿ, ಕೆಲಸ ಹೋದರೆ ಹೋಗಲಿ ಎಂದು ಮರುದಿನ ಆ ಊರಿಗೆ ಹೊರಟಳು.

ಮನೆಯ ಪಕ್ಕದ ಕಲ್ಲಿನ ಹತ್ತಿರ ತಾಯಿ ಪಾತ್ರೆ ಉಜ್ಜುತ್ತಿದ್ದಳು. ಬಡವಾಗಿದ್ದಳು, ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಆಯಮ್ಮನನ್ನು ಕಂಡು ಎದ್ದು ನಿಂತಳು. ‘ಬನ್ನಿ ಆಯಮ್ಮ. ಅವತ್ತು ನನ್ನ ಜೊತೆ ನಿಂತವರು ನೀವೊಬ್ಬರೇ’ ಎಂದಳು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

‘ಹಾಗನ್ಬೇಡಮ್ಮ. ಅವತ್ತು ಡಾಕ್ಟರು ಬಂದೇ ಇರಲಿಲ್ಲ. ಕೋಟು ಒಗೆದು ಒಣಗೋಕೆ ಹಾಕಿದ್ದು ನಾನು. ಬಸ್ಸು ಹೋಗಿದೆ ಅಂದ್ಕೊಂಡೆ. ನಿನ್ನ ಮುಖ ನೋಡಿ ಸುಳ್ಳು ಹೇಳ್ದೆ. ನಿನ್ನ ಮಗೂನ ಕೊಂದವಳು ನಾನು ಕಣಮ್ಮ, ನೀನಲ್ಲ. ನಿಮ್ಮತ್ತೆ ಮುಂದೆ ಹೇಳ್ತೀನಿ, ನಡಿ.’

ತಾಯಿಯ ಕೈಯಲ್ಲಿದ್ದ ಪಾತ್ರೆಯಿಂದ ಬೂದಿ ನೀರು ಸೋರುತ್ತಿತ್ತು. ಮುಖದಲ್ಲಿ ಏನೇನೋ ಬಂದು ಹೋಯಿತು. ಆಯಮ್ಮ ಏಟಿಗೆ ಸಿದ್ಧವಾಗಿ ನಿಂತಿದ್ದಳು. ಏಟು ಬೀಳಲಿಲ್ಲ. ತಾಯಿ ಪಾತ್ರೆಯನ್ನು ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

‘ಇದನ್ನ ಒಳಗೆ ಹೇಳಿದ್ರೆ ನನಗೇನು ಬಂತು? ಕೋಟು ಇದ್ರೂ ಇಳಿಬೇಡ ಅಂದಿದ್ರು ಅತ್ತೆ. ನಾನು ಇಳಿದೆ. ಯಾರು ಕೋಟು ಹಾಕಿದ್ರೂ ಇಳಿದವಳು ನಾನೇ ತಾನೇ?’

ಇದನ್ನು ಆಯಮ್ಮ ಯೋಚಿಸಿಯೇ ಇರಲಿಲ್ಲ. ಸತ್ಯ ಹೇಳಿದರೆ ಇವಳು ಹಗುರಾಗುತ್ತಾಳೆ ಎಂದುಕೊಂಡು ಬಂದಿದ್ದಳು. ಹಗುರಾಗುವುದು ತಾನೊಬ್ಬಳೇ ಎಂದು ಈಗ ತಿಳಿಯಿತು.

‘ನೀವು ಬೇರೆ ಒಂದು ಮಾತು ಹೇಳಿ’ ಎಂದಳು ತಾಯಿ. ‘ನಾನು ಬಸ್ಸಿಳಿದು ನಿಮ್ಮ ಹತ್ತಿರ ಬಂದಾಗ್ಲೇ ಮಗು ಹೋಗಿತ್ತು ಅಂತ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಆಸ್ಪತ್ರೆಯವರು ನೀವು, ನಿಮ್ಮ ಮಾತು ನಂಬ್ತಾರೆ. ಇಳಿದ್ರೂ ಅಷ್ಟೇ, ಇಳೀದಿದ್ರೂ ಅಷ್ಟೇ ಅಂತ ಆಗ್ಲಿ.’

‘ಅದು ಹೇಗೆ ಹೇಳ್ಲಮ್ಮ? ಮಗು ನನ್ನ ಹೆಗಲ ಮೇಲೆ...’

‘ನನಗೆ ಗೊತ್ತಿಲ್ವಾ?’ ಎಂದಳು ತಾಯಿ. ‘ಹೆತ್ತವಳಿಗೆ ಗೊತ್ತಿಲ್ವಾ ಆಯಮ್ಮ? ಒಂದು ಸುಳ್ಳು ನಿಮಗೋಸ್ಕರ ಹೇಳಿದ್ರಲ್ಲ. ಇನ್ನೊಂದು ನನಗೋಸ್ಕರ ಹೇಳಿ.’

ಒಳಗೆ ಸಣ್ಣ ಅಡುಗೆಕೋಣೆಯಲ್ಲಿ ಅತ್ತೆ ಮಗನಿಗೆ ಬಡಿಸುತ್ತಿದ್ದರು. ಗಟ್ಟಿ ಎಲುಬಿನ ಮುದುಕಿ, ಕಣ್ಣ ಕೆಳಗೆ ಕಪ್ಪು. ಮೊಮ್ಮಗಳನ್ನು ಕಳೆದುಕೊಂಡವರು ಅವರೂ ಹೌದು. ಗೋಡೆಯ ಮೊಳೆಯಲ್ಲಿ ಒಂದು ಪುಟ್ಟ ಲಂಗ ಇನ್ನೂ ನೇತಾಡುತ್ತಿತ್ತು. ಆಯಮ್ಮ ತಾನು ಯಾರೆಂದು ಹೇಳಿ ಹೊಸ್ತಿಲ ಒಳಗೆ ನಿಂತಳು. ಮಗ ಊಟ ನಿಲ್ಲಿಸಿದ.

‘ಅವತ್ತಿನ ಒಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅನ್ಸತ್ತೆ’ ಎಂದಳು ಆಯಮ್ಮ. ‘ಮಗೂನ ಇವಳ ಕೈಯಿಂದ ಇಸ್ಕೊಂಡವಳು ನಾನು. ಆಗ್ಲೇ ಮೈ ತಣ್ಣಗಾಗಿತ್ತು. ಉಸಿರಿರಲಿಲ್ಲ. ತಾಯಿಗೆ ಹೇಗೆ ಹೇಳೋದು ಅಂತ ಸುಮ್ಮನೆ ಪೇಟೆವರೆಗೆ ಕರ್ಕೊಂಡು ಹೋದೆ. ಬಸ್ಸಲ್ಲಿ ಮುಂದೆ ಹೋಗಿದ್ರೂ ಅಷ್ಟೇ ಇತ್ತು ಅಮ್ಮ. ಇವಳು ಇಳಿದಿದ್ರಿಂದ ಏನೂ ಆಗ್ಲಿಲ್ಲ.’

‘ಬಸ್ಸಲ್ಲೇ?’ ಎಂದು ಅತ್ತೆ ಕೇಳಿದರು.

‘ಬಸ್ಸಲ್ಲೇ.’

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಸೊಸೆಯ ಕಡೆ ನೋಡದೆಯೇ ಇನ್ನೊಂದು ತಟ್ಟೆಯನ್ನು ಎಳೆದು ಮಗನ ತಟ್ಟೆಯ ಪಕ್ಕಕ್ಕೆ ಇಟ್ಟು, ‘ಕೂತ್ಕೋ. ಎಷ್ಟೊತ್ತು ಖಾಲಿ ಹೊಟ್ಟೇಲಿ ಇರ್ತೀಯ’ ಎಂದರು.

ಆಯಮ್ಮ ಹೊರಗೆ ಬಂದಳು. ತಾಯಿ ಅವಳ ಹಿಂದೆ ಬಾಗಿಲವರೆಗೆ ಬಂದಳು.

‘ನಿಮ್ಮನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ ಆಯಮ್ಮ’ ಎಂದಳು, ಮೆಲ್ಲಗೆ, ಒಳಗಿನವರಿಗೆ ಕೇಳಿಸದಂತೆ. ‘ಇನ್ನು ಈ ಕಡೆ ಬರಬೇಡಿ.’

ಹಾಗೆಂದು ಕೈ ತೊಳೆದುಕೊಂಡು ಒಳಗೆ ಹೋಗಿ ಊಟಕ್ಕೆ ಕೂತಳು.